ವಾರ್ನಿಂಗ್ ಬಂದರೂ ಪ್ರೋಗ್ರಾಮ್ ಓಡುತ್ತದಲ್ಲ, ಮತ್ತೇನು ಚಿಂತೆ?

ಸಿ ಭಾಷೆ ಕಲಿಸುವ ಕಂಪ್ಯೂಟರ್ ಲ್ಯಾಬುಗಳಲ್ಲಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ದಾಟುತ್ತ ಬಂದಿರುವ ಒಂದು ಸಲಹೆಯಿದೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಅದು "ಎರರ್ ಬಂದ್ರ ನೋಡು, ವಾರ್ನಿಂಗ್ ಬಂದ್ರ ಬಿಡು, ಓಡ್ತದ" ಎಂದು ಕೇಳಿಸುತ್ತದೆ. ಮೈಸೂರು, ಮಂಗಳೂರಿನ ಕಡೆ ಮಾತಿನ ಧಾಟಿ ಬೇರೆ, ಸಲಹೆ ಮಾತ್ರ ಅದೇ. ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥವಾಗುವ ಸೂಚನೆಗಳಾಗಿ ಬದಲಿಸುವ ತಂತ್ರಾಂಶವೇ ಕಂಪೈಲರ್. ನಿಯಮಕ್ಕೆ ಹೊಂದದ್ದು ಕಂಡರೆ ಅದು ಎರರ್ ಎಂದು ಹೇಳಿ ಕೆಲಸ ನಿಲ್ಲಿಸುತ್ತದೆ. ಅನುಮಾನ ಬಂದರೆ ವಾರ್ನಿಂಗ್, ಅಂದರೆ ಎಚ್ಚರಿಕೆ, ಕೊಟ್ಟು ಮುಂದಕ್ಕೆ ಹೋಗುತ್ತದೆ. ಪ್ರೋಗ್ರಾಮ್ ತಯಾರಾಗುತ್ತದೆ, ಓಡುತ್ತದೆ, ಉತ್ತರವೂ ಬರುತ್ತದೆ. ಹಾಗಿದ್ದಮೇಲೆ ಆ ಎಚ್ಚರಿಕೆಯನ್ನು ಓದುವ ಕಷ್ಟವೇಕೆ?

ಎಚ್ಚರಿಕೆಗಳಲ್ಲಿ ನೂರಾರು ಬಗೆಗಳಿವೆ. ಇಲ್ಲಿ ಒಂದೇ ಗುಂಪನ್ನು ಎತ್ತಿಕೊಳ್ಳೋಣ: ಫಂಕ್ಷನ್‌ಗಳ ಘೋಷಣೆಗೆ ಸಂಬಂಧಿಸಿದವು. "ಈ ಫಂಕ್ಷನ್ ಘೋಷಣೆಯಾಗಿಲ್ಲ", "ಈ ಘೋಷಣೆ ಪ್ರೋಟೋಟೈಪ್ ಅಲ್ಲ", "ಈ ಫಂಕ್ಷನ್ನಿಗೆ ಹಿಂದೆಲ್ಲೂ ಪ್ರೋಟೋಟೈಪ್ ಕಂಡಿಲ್ಲ" ಎಂಬಂಥ ಮೂರ್ನಾಲ್ಕು ಸಾಲುಗಳು. ನೋಡಲು ಕಚೇರಿಯ ತಕರಾರುಗಳಂತೆ ಸಪ್ಪೆಯಾಗಿರುವ ಇವನ್ನೇ ಜನ ಮೊದಲು ಕಡೆಗಣಿಸುವುದು. ವಿಚಿತ್ರವೆಂದರೆ, ಯಂತ್ರಕ್ಕೆ ತೀರಾ ಹತ್ತಿರದಲ್ಲಿ ಕೆಲಸಮಾಡುವ ತಂತ್ರಾಂಶದಲ್ಲಿ ಹೆಚ್ಚು ದುಬಾರಿಯಾಗುವುದೂ ಇವೇ.

ಹೆಸರು ಸರಿ, ಉಳಿದದ್ದು?

ಫಂಕ್ಷನ್ ಎಂದರೆ ಒಂದು ನಿರ್ದಿಷ್ಟ ಕೆಲಸಕ್ಕಾಗಿ ಬರೆದಿಟ್ಟ ಸೂಚನೆಗಳ ಕಟ್ಟು. ಅದಕ್ಕೆ ಕೆಲವು ಮೌಲ್ಯಗಳನ್ನು ಕೊಡುತ್ತೇವೆ, ಅದು ಒಂದು ಮೌಲ್ಯವನ್ನು ಮರಳಿಸುತ್ತದೆ. ದೊಡ್ಡ ತಂತ್ರಾಂಶವನ್ನು ಒಂದೇ ಕಡತದಲ್ಲಿ ಬರೆಯುವುದಿಲ್ಲ. ಹತ್ತಾರು, ಕೆಲವೊಮ್ಮೆ ಸಾವಿರಾರು ಕಡತಗಳಿರುತ್ತವೆ. ಸಿ ಕಂಪೈಲರ್ ಒಂದು ಸಲಕ್ಕೆ ಒಂದು ಕಡತವನ್ನಷ್ಟೇ ನೋಡುತ್ತದೆ. ಇಲ್ಲಿ ಕರೆಯುತ್ತಿರುವ ಫಂಕ್ಷನ್ ಬೇರೆ ಕಡತದಲ್ಲಿದ್ದರೆ ಅದರ ಒಳಗೇನಿದೆ ಎನ್ನುವುದು ಕಂಪೈಲರಿಗೆ ಕಾಣುವುದಿಲ್ಲ. ಆಗ ಅದಕ್ಕಿರುವ ಆಧಾರ ಒಂದೇ, ಘೋಷಣೆ. "ಈ ಹೆಸರಿನ ಫಂಕ್ಷನ್ ಎಲ್ಲೋ ಇದೆ, ಅದಕ್ಕೆ ಇಂಥ ಬಗೆಯ ಎರಡು ಮೌಲ್ಯ ಕೊಡಬೇಕು, ಅದು ಇಂಥ ಬಗೆಯ ಒಂದು ಮೌಲ್ಯ ಕೊಡುತ್ತದೆ" ಎಂದು ಹೇಳುವ ಒಂದು ಸಾಲು. ಕೊಡುವ ಮೌಲ್ಯಗಳ ವಿವರವೂ ಇರುವ ಘೋಷಣೆಗೆ ಪ್ರೋಟೋಟೈಪ್ ಎಂದು ಹೆಸರು.

ಕಡತಗಳೆಲ್ಲ ಬೇರೆಬೇರೆಯಾಗಿ ಕಂಪೈಲ್ ಆದಮೇಲೆ ಅವನ್ನು ಜೋಡಿಸುವುದು ಲಿಂಕರ್ ಎಂಬ ಇನ್ನೊಂದು ತಂತ್ರಾಂಶದ ಕೆಲಸ. ಸಿ ಭಾಷೆಯ ಮಟ್ಟಿಗೆ ಈ ಲಿಂಕರ್ ಸಾಮಾನ್ಯವಾಗಿ ನೋಡುವುದು ಹೆಸರನ್ನು ಮಾತ್ರ. ಕರೆದವರು ಹೇಳಿದ ಹೆಸರು, ಬರೆದವರು ಇಟ್ಟ ಹೆಸರು ಎರಡೂ ಒಂದೇ ಆಗಿದ್ದರೆ ಮುಗಿಯಿತು. ಎಷ್ಟು ಮೌಲ್ಯ, ಯಾವ ಬಗೆ, ಎಷ್ಟು ಬೈಟ್ ಎಂಬುದನ್ನು ಅದು ಕೇಳುವುದಿಲ್ಲ.

ಎಪಿಎಂಸಿಯಲ್ಲಿನ ಒಂದು ಅಡತ್ ಅಂಗಡಿಗೆ ಹಳ್ಳಿಯಿಂದ ಚೀಟಿ ಬಂತು ಎಂದುಕೊಳ್ಳಿ. ಚೀಟಿಯಲ್ಲಿ ರೈತರ ಹೆಸರಿದೆ, "ತೊಗರಿ 50" ಎಂದಿದೆ. ಕಳಿಸಿದವರ ಲೆಕ್ಕ ಚೀಲದ್ದು, ಓದಿದವರ ಲೆಕ್ಕ ಕ್ವಿಂಟಲಿನದು. ಹೆಸರು ಸರಿಯಾಗಿರುವುದರಿಂದ ಚೀಟಿ ಸರಿಯಾದ ಅಂಗಡಿಗೇ ತಲುಪಿದೆ. ತಪ್ಪು ಅದರ ನಂತರ ಶುರುವಾಗುತ್ತದೆ. ಲಿಂಕರ್ ಚೀಟಿಯನ್ನು ಅಂಗಡಿಗೆ ಮುಟ್ಟಿಸುವ ಹುಡುಗನಿದ್ದಂತೆ. ಚೀಲವೋ ಕ್ವಿಂಟಲೋ ಎಂದು ಕೇಳಬೇಕಾದದ್ದು ಚೀಟಿ ಬರೆಯುವ ಹೊತ್ತಿನಲ್ಲಿ, ಅಂದರೆ ಕಂಪೈಲರಿನ ಎದುರಿಗೆ. ಆ ಹೊತ್ತಿನಲ್ಲಿ ಅದು ಕೇಳಿದ ಪ್ರಶ್ನೆಯೇ ನಾವು ಓದದೆ ಬಿಟ್ಟ ವಾರ್ನಿಂಗ್. ಇದಾದಮೇಲೆ ಇನ್ಯಾರೂ ಕೇಳುವುದಿಲ್ಲ.

ಕಾಲುವೆಯ ಗೇಟು ಮುಚ್ಚದಿದ್ದರೆ

ಯಾದಗಿರಿ ಜಿಲ್ಲೆಯ ಬೇಸಾಯದ ದೊಡ್ಡ ಆಧಾರ ನಾರಾಯಣಪುರ ಎಡದಂಡೆ ಕಾಲುವೆ. ಕೃಷ್ಣಾ ನದಿಯ ಬಸವಸಾಗರ ಜಲಾಶಯದಿಂದ ಹೊರಡುವ ಈ ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು ಸುಮಾರು 4.5 ಲಕ್ಷ ಹೆಕ್ಟೇರ್. ಅದರ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣ ಯೋಜನೆ ಸುಮಾರು 4,700 ಕೋಟಿ ರೂಪಾಯಿಯದು; 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅದನ್ನು ಉದ್ಘಾಟಿಸಿದರು. ಗೇಟುಗಳನ್ನು ದೂರದಿಂದಲೇ ಗಮನಿಸಿ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆಯೂ ಈ ಕಾಲುವೆಗೆ ಬಂದಿದೆ. ಹಿಂದೆ ಕೀಲಿ ಹಿಡಿದು ಗೇಟು ತಿರುಗಿಸುತ್ತಿದ್ದವರ ಕೆಲಸದಲ್ಲಿ ಈಗ ಒಂದಿಷ್ಟು ಪಾಲು ತಂತ್ರಾಂಶದ್ದು. ಕಾಲುವೆಯ ತಲೆಭಾಗದಲ್ಲಿ ಗೇಟು ಎಷ್ಟು ಹೊತ್ತು ತೆರೆದಿರುತ್ತದೆ ಎನ್ನುವುದರ ಮೇಲೆ ಕೊನೆಭಾಗದ ಹೊಲಕ್ಕೆ ನೀರು ಮುಟ್ಟುತ್ತದೋ ಇಲ್ಲವೋ ಎನ್ನುವುದು ನಿಂತಿದೆ. ಇದನ್ನು ಈ ಭಾಗದ ರೈತರಿಗೆ ಯಾರೂ ವಿವರಿಸಬೇಕಿಲ್ಲ.

ಈಗ ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಇದು ಆ ಯೋಜನೆಯ ತಂತ್ರಾಂಶವಲ್ಲ, ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟಿಗೆಂದು ಒಂದು ಸಣ್ಣ ಗೇಟನ್ನು ನಿಯಂತ್ರಿಸಲು ಬರೆದದ್ದು ಎಂದಿಟ್ಟುಕೊಳ್ಳಿ. ಬಳಸುವ ಚಿಪ್ ಆರ್ಡುಯಿನೊ ಊನೊ ಬೋರ್ಡಿನಲ್ಲಿರುವ 8 ಬಿಟ್‌ನ ಎವಿಆರ್. ಒಂದು ಕಡತದಲ್ಲಿ 'ಹರಿದ ನೀರು' ಎಂಬ ಫಂಕ್ಷನ್ ಇದೆ. ಗೇಟಿನ ಮೂಲಕ ಈವರೆಗೆ ಎಷ್ಟು ಘನ ಮೀಟರ್ ನೀರು ಹೋಯಿತೆಂದು ಅದು 'ಲಾಂಗ್' ಎಂಬ 4 ಬೈಟಿನ ಸಂಖ್ಯೆಯಾಗಿ ಹೇಳುತ್ತದೆ. ಇನ್ನೊಂದು ಕಡತದಲ್ಲಿ "ಹರಿದ ನೀರು 50,000 ದಾಟಿದರೆ ಗೇಟು ಮುಚ್ಚು" ಎಂಬ ಸಾಲಿದೆ. ಸೆಕೆಂಡಿಗೆ ಒಂದು ಘನ ಮೀಟರ್ ಹರಿದರೆ ಅಷ್ಟು ನೀರಿಗೆ 14 ಗಂಟೆಯ ಹತ್ತಿರ ಬೇಕು. ಎರಡನೆಯ ಕಡತದಲ್ಲಿ ಆ ಫಂಕ್ಷನ್ನಿನ ಘೋಷಣೆ ಇಲ್ಲ.

ಹಳೆಯ ಸಿ ನಿಯಮದ ಪ್ರಕಾರ, ಘೋಷಣೆಯಿಲ್ಲದ ಫಂಕ್ಷನ್ 'ಇಂಟ್' ಮರಳಿಸುತ್ತದೆ ಎಂದು ಕಂಪೈಲರ್ ಊಹಿಸಿಕೊಳ್ಳುತ್ತದೆ. ಎಚ್ಚರಿಕೆ ಕೊಡುತ್ತದೆ, ಮುಂದುವರಿಯುತ್ತದೆ. ಎವಿಆರ್‌ನಲ್ಲಿ ಇಂಟ್ ಎಂದರೆ 2 ಬೈಟ್. ಮರಳಿಸುವ ಮೌಲ್ಯಗಳನ್ನು ಅಲ್ಲಿ ಚಿಪ್‌ನ ರಿಜಿಸ್ಟರ್‌ಗಳಲ್ಲಿ ಇಡುತ್ತಾರೆ. 2 ಬೈಟಿನದಾದರೆ 24 ಮತ್ತು 25ನೇ ರಿಜಿಸ್ಟರ್‌ಗಳಲ್ಲಿ, 4 ಬೈಟಿನದಾದರೆ 22ರಿಂದ 25ರವರೆಗೆ, ಚಿಕ್ಕ ಸ್ಥಾನದ ಬೈಟುಗಳು 22 ಮತ್ತು 23ರಲ್ಲಿ. ಬರೆದವರು ನಾಲ್ಕೂ ರಿಜಿಸ್ಟರ್ ತುಂಬಿಸುತ್ತಾರೆ. ಕರೆದವರು 24, 25 ಮಾತ್ರ ಓದುತ್ತಾರೆ. ಅಂದರೆ ಸಂಖ್ಯೆಯ ಮೇಲಿನ ಅರ್ಧವಷ್ಟೇ ಅವರ ಕೈಗೆ ಸಿಗುತ್ತದೆ. 40,000 ಘನ ಮೀಟರ್ ಹರಿದಾಗ ಆ ಅರ್ಧದಲ್ಲಿರುವುದು ಸೊನ್ನೆ. 70,000 ಹರಿದಾಗ 1. ಎರಡು ಬೈಟಿನ ಇಂಟ್‌ನಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದೇ ಇಲ್ಲವಾದ್ದರಿಂದ 50,000 ದಾಟುವ ಮಾತೇ ಇಲ್ಲ. ಗೇಟು ಯಾವತ್ತೂ ಮುಚ್ಚುವುದಿಲ್ಲ.

ಇಷ್ಟೇ ಆಗಿದ್ದರೆ ಲ್ಯಾಬಿನಲ್ಲೇ ಸಿಕ್ಕಿಬೀಳುತ್ತಿತ್ತು. ಆದರೆ ಇದೇ ಕಡತಗಳನ್ನು ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಿ ಪರೀಕ್ಷಿಸಿ ನೋಡಿ. ವಿಂಡೋಸ್‌ನಲ್ಲಿ ಇಂಟ್ ಕೂಡ 4 ಬೈಟ್, ಲಾಂಗ್ ಕೂಡ 4 ಬೈಟ್. ಲೆಕ್ಕ ಸರಿಯಾಗಿ ಬರುತ್ತದೆ. 64 ಬಿಟ್‌ನ ಲಿನಕ್ಸ್‌ನಲ್ಲಿ ಲಾಂಗ್ 8 ಬೈಟ್ ಆದರೂ ಇಂಟೆಲ್ ಪ್ರೊಸೆಸರ್‌ನಲ್ಲಿ ಕರೆದವರು ಓದುವುದು ಕೆಳಗಿನ ಅರ್ಧವನ್ನು, ಆದ್ದರಿಂದ ಅಲ್ಲೂ 50,000 ಎಂದರೆ 50,000. ಲ್ಯಾಪ್‌ಟಾಪಿನಲ್ಲಿ ಎಲ್ಲ ಪರೀಕ್ಷೆಯಲ್ಲೂ ಪಾಸಾದ ಪ್ರೋಗ್ರಾಮ್ ಕಾಲುವೆಯ ಮೇಲೆ ಫೇಲಾಗುತ್ತದೆ. "ಓಡ್ತದ" ಎನ್ನುವ ಮಾತು ಸುಳ್ಳಲ್ಲ, ಓಡುವುದು ಎಲ್ಲಿ ಎನ್ನುವುದೇ ಪ್ರಶ್ನೆ.

(ಆರ್ಡುಯಿನೊ ಬಳಸಿದವರು ಇಲ್ಲಿ ಆಕ್ಷೇಪಿಸಬಹುದು. ಆರ್ಡುಯಿನೊ ಸ್ಕೆಚ್‌ಗಳು ಸಿ++ ಆಗಿ ಕಂಪೈಲ್ ಆಗುತ್ತವೆ, ಸಿ++ ಘೋಷಣೆಯಿಲ್ಲದ ಕರೆಯನ್ನು ಒಪ್ಪುವುದೇ ಇಲ್ಲ. ಅದೇ ಬೋರ್ಡಿಗೆ ಶುದ್ಧ ಸಿ ಕಡತ ಬರೆದಾಗಲಷ್ಟೇ ಈ ತಪ್ಪು ನುಸುಳುವುದು.)

ಇಂಥ ಸಡಿಲ ನಿಯಮ ಬಂದದ್ದೆಲ್ಲಿಂದ?

1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಭಾಷೆಯನ್ನು ರೂಪಿಸಿದರು. ಅದರ ತಾಯಿಭಾಷೆ 'ಬಿ'ಯಲ್ಲಿ ಮೌಲ್ಯಗಳಿಗೆ ಬಗೆಗಳೇ ಇರಲಿಲ್ಲ. ಎಲ್ಲವೂ ಯಂತ್ರದ ಒಂದು 'ಪದ'ದಷ್ಟು ಅಗಲ. ಎಲ್ಲ ಚೀಲವೂ ಒಂದೇ ತೂಕದ್ದಾಗಿದ್ದರೆ ಚೀಲವೋ ಕ್ವಿಂಟಲೋ ಎಂದು ಕೇಳುವ ಅಗತ್ಯವೇನು? ಸಿ ಬಗೆಗಳನ್ನು ತಂದಿತು, ಆದರೆ "ಹೇಳದಿದ್ದರೆ ಇಂಟ್" ಎಂಬ ಹಳೆಯ ಅಭ್ಯಾಸವನ್ನು ಉಳಿಸಿಕೊಂಡಿತು. ಕೊಟ್ಟ ಮೌಲ್ಯಗಳು ಹೊಂದುತ್ತವೆಯೇ ಎಂದು ನೋಡಲು 'ಲಿಂಟ್' ಎಂಬ ಪ್ರತ್ಯೇಕ ತಂತ್ರಾಂಶವನ್ನು ಅದೇ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಬರೆದರು. ಪ್ರೋಟೋಟೈಪ್‌ಗಳು ಸಿ++ನಿಂದ ಸಾಲವಾಗಿ ಬಂದು 1989ರ ಪ್ರಮಾಣಿತ ಸಿ ಭಾಷೆಗೆ ಸೇರಿದವು. ಘೋಷಣೆಯಿಲ್ಲದೆ ಕರೆಯುವ ಅವಕಾಶವನ್ನು 1999ರ ಪ್ರಮಾಣಕ ತೆಗೆದೇಹಾಕಿತು. ಆದರೂ ಹಳೆಯ ಪ್ರೋಗ್ರಾಮ್‌ಗಳು ನಿಂತುಹೋದಾವೆಂಬ ಅಳುಕಿನಿಂದ ಕಂಪೈಲರ್‌ಗಳು ಮುಂದಿನ ಎರಡು ದಶಕ ಎಚ್ಚರಿಕೆಯಷ್ಟೇ ಕೊಟ್ಟು ಒಪ್ಪಿಕೊಳ್ಳುತ್ತಿದ್ದವು.

ನಮ್ಮ ಲ್ಯಾಬುಗಳ ಕಥೆಗೆ ಇನ್ನೊಂದು ತಿರುವಿದೆ. ಬಹಳ ವರ್ಷ ಇಲ್ಲಿ ಸಿ ಎಂದರೆ ಬೋರ್ಲ್ಯಾಂಡ್ ಕಂಪನಿಯ ನೀಲಿ ಪರದೆಯ ಟರ್ಬೊ ಸಿ. 1987ರಲ್ಲಿ ಬಂದ, ಡಾಸ್ ಕಾಲದ 16 ಬಿಟ್‌ನ ಕಂಪೈಲರ್ ಅದು. ಅದರ ಚಿಕ್ಕ ಮೆಮೊರಿ ಮಾದರಿಯಲ್ಲಿ ಇಂಟ್ ಕೂಡ 2 ಬೈಟ್, ಮೆಮೊರಿ ವಿಳಾಸ ಕೂಡ 2 ಬೈಟ್. ವಿಳಾಸವನ್ನು ಇಂಟ್ ಎಂದು ತಪ್ಪಾಗಿ ತಿಳಿದರೂ ಏನೂ ಕಳೆದುಹೋಗುತ್ತಿರಲಿಲ್ಲ. ಎಚ್ಚರಿಕೆ ಬಿಟ್ಟರೂ ನಡೆಯುತ್ತದೆ ಎನ್ನುವ ಅನುಭವ ಅಂಥ ಯಂತ್ರಗಳಲ್ಲಿ ನಿಜವಾಗಿಯೂ ನಿಜವಾಗಿತ್ತು. ಯಂತ್ರ ಬದಲಾಯಿತು, ಸಲಹೆ ಉಳಿಯಿತು.

ಅದರ ಜೊತೆಗೆ ಉಳಿದುಕೊಂಡ ಇನ್ನೊಂದು ಅಭ್ಯಾಸವೆಂದರೆ ಮೆಮೊರಿ ಕೇಳುವ 'ಮ್ಯಾಲಕ್' ಫಂಕ್ಷನ್ನಿನ ಮುಂದೆ ಆವರಣದಲ್ಲಿ ಬಗೆಯ ಹೆಸರು ಬರೆದು ಬಲವಂತವಾಗಿ ಪರಿವರ್ತಿಸುವುದು. ಸಿ ಭಾಷೆಗೆ ಅದು ಬೇಕಿಲ್ಲ. ಅಗತ್ಯವಾದ ಹೆಡರ್ ಕಡತವನ್ನು ಸೇರಿಸಲು ಮರೆತಾಗ "ಇಂಟನ್ನು ವಿಳಾಸವಾಗಿ ಬಳಸುತ್ತಿದ್ದೀರಿ" ಎಂದು ಹಳೆಯ ಕಂಪೈಲರ್‌ಗಳು ಗೊಣಗುತ್ತಿದ್ದವು. ಈ ಪರಿವರ್ತನೆ ಆ ಗೊಣಗಾಟವನ್ನು ನಿಲ್ಲಿಸುತ್ತಿತ್ತು, ಕಾರಣವನ್ನಲ್ಲ. ಇಂದಿನ ಜಿಸಿಸಿ ಕಂಪೈಲರ್ ಮ್ಯಾಲಕ್‌ನಂಥ ಪ್ರಸಿದ್ಧ ಫಂಕ್ಷನ್‌ಗಳನ್ನು ಹೆಸರಿನಿಂದಲೇ ಗುರುತಿಸಿ ಕಾಪಾಡುತ್ತದೆ. ನಾವೇ ಬರೆದ ಮೆಮೊರಿ ಹಂಚುವ ಫಂಕ್ಷನ್ನಿಗೆ ಆ ರಕ್ಷಣೆಯಿಲ್ಲ: 64 ಬಿಟ್‌ನ ವಿಳಾಸದಲ್ಲಿ 32 ಬಿಟ್ ಕತ್ತರಿಸಿಹೋಗುತ್ತದೆ. ವಿಳಾಸ ಚಿಕ್ಕದಾಗಿದ್ದ ದಿನ ಪ್ರೋಗ್ರಾಮ್ ಓಡುತ್ತದೆ, ದೊಡ್ಡದಾದ ದಿನ ಬೀಳುತ್ತದೆ.

ಖಾಲಿ ಆವರಣದ ವಿಷಯವನ್ನೂ ಇಲ್ಲೇ ಹೇಳಿಬಿಡೋಣ. ಫಂಕ್ಷನ್ನಿನ ಹೆಸರಿನ ಮುಂದೆ ಆವರಣ ಖಾಲಿ ಬಿಟ್ಟರೆ "ಏನನ್ನೂ ಕೊಡಬೇಕಿಲ್ಲ" ಎಂದೇ ನಾವೆಲ್ಲ ಓದುತ್ತೇವೆ. ಸಿ++ನಲ್ಲಿ ಅದು ಸರಿ. 2023ರ ಪ್ರಮಾಣಕದವರೆಗಿನ ಸಿ ಭಾಷೆಯಲ್ಲಿ ಅಂಥ ಘೋಷಣೆಯ ಅರ್ಥ "ಏನು ಕೊಡಬೇಕೆಂದು ನಾನು ಹೇಳುವುದಿಲ್ಲ" ಎಂದು! ಮೂರು ಮೌಲ್ಯ ಕೊಟ್ಟು ಕರೆದರೂ ಭಾಷೆಯ ನಿಯಮ ತಡೆಯುವುದಿಲ್ಲ. ಏನೂ ಬೇಡವೆಂದು ಹೇಳಲು ಆವರಣದೊಳಗೆ 'ವಾಯ್ಡ್' ಎಂದು ಬರೆಯಬೇಕು. "ಇದು ಪ್ರೋಟೋಟೈಪ್ ಅಲ್ಲ" ಎಂಬ ಎಚ್ಚರಿಕೆ ಹೇಳುವುದು ಇದನ್ನೇ.

ಯಾರೂ ಕರೆಯದ ಫಂಕ್ಷನ್‌ಗಳು

ಈ ಎಚ್ಚರಿಕೆಗಳು ನಿಜಕ್ಕೂ ಕಗ್ಗಂಟಾಗುವುದು ರನ್‌ಟೈಮ್ ಲೈಬ್ರರಿಗಳಲ್ಲಿ. ಹೆಸರು ಕೇಳಿರದಿದ್ದರೂ ಇವನ್ನು ಸಿ ಕಲಿತ ಬಹುತೇಕ ಎಲ್ಲರೂ ಬಳಸಿರುತ್ತಾರೆ. ಮೇಲೆ ಹೇಳಿದ ಎವಿಆರ್ ಚಿಪ್‌ಗೆ ಭಾಗಾಕಾರ ಬರುವುದಿಲ್ಲ. ಆ ಸೂಚನೆಯೇ ಅದರಲ್ಲಿಲ್ಲ. ದಶಮಾಂಶದ ಲೆಕ್ಕವೂ ಗೊತ್ತಿಲ್ಲ. ಆದರೂ ನಾವು ಪ್ರೋಗ್ರಾಮಿನಲ್ಲಿ ಒಂದು ಸಂಖ್ಯೆಯನ್ನು ಇನ್ನೊಂದರಿಂದ ಭಾಗಿಸಿದರೆ ಉತ್ತರ ಬರುತ್ತದೆ. ಭಾಗಾಕಾರದ ಚಿಹ್ನೆ ಇದ್ದಲ್ಲಿ ಕಂಪೈಲರ್ ಸದ್ದಿಲ್ಲದೆ ಒಂದು ಫಂಕ್ಷನ್ ಕರೆಯನ್ನು ಇಟ್ಟಿರುತ್ತದೆ. ಆ ಫಂಕ್ಷನ್ ಇರುವುದು ಕಂಪೈಲರಿನ ಜೊತೆಗೇ ಬರುವ ಲೈಬ್ರರಿಯಲ್ಲಿ: ಜಿಸಿಸಿಯಲ್ಲಾದರೆ ಲಿಬ್‌ಜಿಸಿಸಿ, ಎಲ್‌ಎಲ್‌ವಿಎಂನಲ್ಲಾದರೆ ಕಂಪೈಲರ್-ಆರ್‌ಟಿ. ಪ್ರೋಗ್ರಾಮ್ ಶುರುವಾದಾಗ 'ಮೇನ್' ಫಂಕ್ಷನ್ನನ್ನು ಕರೆಯುವ ಆರಂಭದ ತುಣುಕು, ಮೆಮೊರಿಯನ್ನು ನಕಲು ಮಾಡುವ 'ಮೆಮ್‌ಕಾಪಿ', ಒಂದೇ ಮೌಲ್ಯದಿಂದ ತುಂಬಿಸುವ 'ಮೆಮ್‌ಸೆಟ್' ಇವೆಲ್ಲ ಇದೇ ಕೆಳಮನೆಯ ನಿವಾಸಿಗಳು.

ಇವುಗಳ ವಿಶೇಷವೆಂದರೆ ಅನೇಕವನ್ನು ಮನುಷ್ಯರು ಕರೆಯುವುದೇ ಇಲ್ಲ. ಕರೆಯುವುದು ಕಂಪೈಲರ್. ಯಾವ ಬಗೆಯ ಮೌಲ್ಯ, ಯಾವ ಕ್ರಮ ಎನ್ನುವುದನ್ನು ಅದು ಯಾವ ಹೆಡರ್ ಕಡತವನ್ನೂ ನೋಡದೆ, ಮೊದಲೇ ಆದ ಒಪ್ಪಂದದ ಪ್ರಕಾರ ನಿರ್ಧರಿಸಿಬಿಟ್ಟಿರುತ್ತದೆ. ಹಾಗಾಗಿ ಲೈಬ್ರರಿ ಬರೆಯುವವರು ಘೋಷಣೆಯನ್ನು ಬರೆಯುವುದಿಲ್ಲ, "ಹಿಂದೆಲ್ಲೂ ಪ್ರೋಟೋಟೈಪ್ ಕಂಡಿಲ್ಲ" ಎಂಬ ಎಚ್ಚರಿಕೆಗಳು ರಾಶಿಬೀಳುತ್ತವೆ. ಯಾರೂ ಓದದ ಘೋಷಣೆಯನ್ನು ಬರೆದು ಏನು ಪ್ರಯೋಜನ ಎಂದು ಕೇಳಬಹುದು.

ಮೆಮ್‌ಸೆಟ್‌ನ ಉದಾಹರಣೆಯಲ್ಲೇ ಉತ್ತರವಿದೆ. ಅದಕ್ಕೆ ಕೊಡಬೇಕಾದ್ದು ಮೂರು: ಎಲ್ಲಿ, ಯಾವ ಮೌಲ್ಯ, ಎಷ್ಟು ಬೈಟ್. ಯಾರೋ ಸಣ್ಣ ಚಿಪ್‌ಗೆಂದು ತಮ್ಮದೇ ಮೆಮ್‌ಸೆಟ್ ಬರೆಯುವಾಗ ಕೊನೆಯ ಎರಡನ್ನು ಅದಲುಬದಲು ಮಾಡಿದರು ಎಂದುಕೊಳ್ಳಿ. ಒಂದು ದೊಡ್ಡ ಅರೇಯನ್ನು ಸೊನ್ನೆ ಮಾಡಲು ಕಂಪೈಲರ್ "ಇಲ್ಲಿ, ಸೊನ್ನೆ, 200" ಎಂದು ಕರೆಯುತ್ತದೆ. ಫಂಕ್ಷನ್ ಅದನ್ನು "ಇಲ್ಲಿ, 200 ಎಂಬ ಮೌಲ್ಯವನ್ನು, ಸೊನ್ನೆ ಬೈಟ್‌ನಷ್ಟು ತುಂಬಿಸು" ಎಂದು ಓದಿಕೊಳ್ಳುತ್ತದೆ. ಏನನ್ನೂ ಮಾಡದೆ ಮರಳುತ್ತದೆ. ಪ್ರೋಗ್ರಾಮ್ ಬೀಳುವುದಿಲ್ಲ, ಸೊನ್ನೆಯಾಗಬೇಕಿದ್ದ ಜಾಗದಲ್ಲಿ ಹಳೆಯ ಕಸ ಉಳಿದಿರುತ್ತದೆ, ಅಷ್ಟೇ. ಆ ಲೈಬ್ರರಿಯ ಕಡತದಲ್ಲಿ ಸರಿಯಾದ ಘೋಷಣೆಯಿರುವ ಹೆಡರ್ ಸೇರಿಸಿದ್ದರೆ ಎರಡೂ ಹೊಂದುವುದಿಲ್ಲವೆಂದು ಕಂಪೈಲರ್ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತಿತ್ತು. ಘೋಷಣೆಯ ಉಪಯೋಗ ಕರೆಯುವವರಿಗಷ್ಟೇ ಅಲ್ಲ. ಬರೆದದ್ದು ಒಪ್ಪಂದಕ್ಕೆ ಸರಿಹೊಂದುತ್ತದೆಯೇ ಎಂದು ತಾಳೆನೋಡುವ ಸಾಧನವೂ ಅದೇ.

ಎಲ್ಲ ಎಚ್ಚರಿಕೆಯ ಹಿಂದೆಯೂ ಇಂಥ ಅಪಾಯವಿದೆ ಎಂದರೆ ಅತಿಶಯೋಕ್ತಿಯಾದೀತು. ಬಹುಪಾಲು ಖಾಲಿ ಆವರಣಗಳು ನಿರುಪದ್ರವಿಗಳು. ಆದರೆ ರನ್‌ಟೈಮ್ ಲೈಬ್ರರಿಯ ಹೆಡರ್ ಕಡತದಲ್ಲಿರುವ ಒಂದು ಎಚ್ಚರಿಕೆ ಅದನ್ನು ಸೇರಿಸಿಕೊಂಡ ಪ್ರತಿ ಕಡತದಲ್ಲೂ ಮತ್ತೆ ಕಾಣಿಸಿಕೊಳ್ಳುತ್ತದೆ. ಪರದೆಯ ಮೇಲೆ 300 ಸಾಲು ಹರಿದುಹೋಗುವಾಗ ಅದರ ನಡುವಿನ ಒಂದು ನಿಜವಾದ ದೋಷ ಯಾರ ಕಣ್ಣಿಗೆ ಬಿದ್ದೀತು? ನಿರುಪದ್ರವಿಗಳನ್ನೂ ತೆಗೆಯಬೇಕೆನ್ನುವುದಕ್ಕೆ ನಮ್ಮ ಮಟ್ಟಿಗೆ ಇದೇ ದೊಡ್ಡ ಕಾರಣ.

ಬಾಯಿ ಮುಚ್ಚಿಸುವುದು, ಸರಿಮಾಡುವುದು

ಬೆಂಗಳೂರಿನ ಕಂಪನಿಗಳಿಗೆ ಹೊಸದಾಗಿ ಸೇರಿದವರಿಗೆ "ಈ ವಾರ್ನಿಂಗ್‌ಗಳನ್ನು ಕ್ಲೀನ್ ಮಾಡಿ" ಎಂಬ ಕೆಲಸ ಮೊದಲಿಗೆ ಸಿಗುವುದುಂಟು. ಅದನ್ನು ಅರ್ಧ ದಿನದಲ್ಲಿ ಮುಗಿಸುವ ದಾರಿಗಳು ಹಲವು, ಬಹುತೇಕ ತಪ್ಪುದಾರಿಗಳು. ಎಚ್ಚರಿಕೆಯೇ ಬೇಡವೆಂದು ಕಂಪೈಲರಿಗೆ ಹೇಳುವ ಆಯ್ಕೆ ಕೊಡುವುದು ತೀರಾ ಎದ್ದುಕಾಣುವಂಥದ್ದು. ಹೆಚ್ಚು ಮೋಸದ್ದು ಇನ್ನೊಂದು: ಕರೆಯುವ ಕಡತದ ತಲೆಯಲ್ಲೇ 'ಎಕ್ಸ್‌ಟರ್ನ್' ಎಂದು ಬರೆದು ಕೈಯಾರೆ ಒಂದು ಘೋಷಣೆ ಸೇರಿಸಿಬಿಡುವುದು. ಎಚ್ಚರಿಕೆ ಹೋಗುತ್ತದೆ, ಘೋಷಣೆಯೂ ಇದೆ. ಆದರೆ ಅದು ಮೂಲದ ನಕಲು. ನಾಳೆ ಯಾರಾದರೂ ಆ ಫಂಕ್ಷನ್ನಿಗೆ ಇನ್ನೊಂದು ಮೌಲ್ಯ ಸೇರಿಸಿದರೆ ನಕಲು ಹಾಗೇ ಉಳಿದು, ಈಗ ಎಚ್ಚರಿಕೆಯೂ ಇಲ್ಲದೆ ತಪ್ಪು ನಡೆಯುತ್ತದೆ. ಪಹಣಿಯ ಹಳೆಯ ಜೆರಾಕ್ಸ್ ಇಟ್ಟುಕೊಂಡು ಜಮೀನಿನ ವ್ಯವಹಾರ ಮಾಡಿದ ಹಾಗೆ. ಫಂಕ್ಷನ್ನಿನ ಮೇಲ್ಗಡೆಯೇ ಅದರ ಮೊದಲ ಸಾಲನ್ನು ನಕಲಿಸಿ ಅಂಟಿಸುವುದೂ ಇದೇ ಜಾತಿಯದು: ತಾನು ಬರೆದದ್ದನ್ನು ತಾನೇ ತಾಳೆನೋಡಿದರೆ ಹೊಂದದೆ ಏನು ಮಾಡೀತು!

ಸರಿಮಾಡುವ ಕೆಲಸ ಒಂದು ಪ್ರಶ್ನೆಯಿಂದ ಆರಂಭವಾಗುತ್ತದೆ. ಈ ಫಂಕ್ಷನ್ನನ್ನು ಯಾರು ಕರೆಯುತ್ತಾರೆ? ಈ ಕಡತದೊಳಗಿನವರು ಮಾತ್ರ ಎಂದಾದರೆ ಅದನ್ನು 'ಸ್ಟ್ಯಾಟಿಕ್' ಮಾಡಬೇಕು, ಆಗ ಹೊರಗಿನವರಿಗೆ ಅದು ಕಾಣುವುದಿಲ್ಲ, ಘೋಷಣೆಯೂ ಬೇಕಿಲ್ಲ. ಬೇರೆ ಕಡತದವರು ಎಂದಾದರೆ ಘೋಷಣೆ ಒಂದೇ ಹೆಡರ್ ಕಡತದಲ್ಲಿರಬೇಕು, ಆ ಹೆಡರನ್ನು ಕರೆಯುವವರೂ ಬರೆದವರೂ ಇಬ್ಬರೂ ಸೇರಿಸಿಕೊಳ್ಳಬೇಕು. ಬರೆದವರು ಸೇರಿಸಿಕೊಳ್ಳುವುದನ್ನೇ ಮರೆಯುವುದು ಹೆಚ್ಚು. ಕಂಪೈಲರ್ ಮಾತ್ರ ಕರೆಯುತ್ತದೆ ಎಂದಾದರೆ ಲೈಬ್ರರಿಯ ಒಳಬಳಕೆಗೆಂದೇ ಒಂದು ಹೆಡರ್ ಮಾಡಿ, ಕಂಪೈಲರಿನ ದಾಖಲೆಯನ್ನು ನೋಡಿಕೊಂಡು ಘೋಷಣೆ ಬರೆಯಬೇಕು. ತನ್ನ ಫಂಕ್ಷನ್ನನ್ನು ನೋಡಿಕೊಂಡು ಬರೆದರೆ ಮತ್ತದೇ ಜೆರಾಕ್ಸ್. ಯಾರೂ ಕರೆಯುವುದಿಲ್ಲ ಎಂದು ತಿಳಿದುಬಂದರೆ ಅಳಿಸಿಹಾಕಬಹುದು, ಆ ಸಂತೋಷವೇ ಬೇರೆ.

ಲಿನಕ್ಸ್ ಕರ್ನಲ್ ಇಂಥ ಶುದ್ಧೀಕರಣದ ದೊಡ್ಡ ಉದಾಹರಣೆ. "ಹಿಂದೆಲ್ಲೂ ಪ್ರೋಟೋಟೈಪ್ ಕಂಡಿಲ್ಲ" ಎಂಬ ಎಚ್ಚರಿಕೆಯನ್ನು ಅಲ್ಲಿ ಬಹಳ ಕಾಲ ಸುಮ್ಮನೆ ಮುಚ್ಚಿಡಲಾಗಿತ್ತು, ಏಕೆಂದರೆ ತೆರೆದರೆ ಬರುವ ಸಾಲುಗಳನ್ನು ಓದಿ ಮುಗಿಸುವಂತಿರಲಿಲ್ಲ. ಆರ್ಂಡ್ ಬರ್ಗ್‌ಮನ್ ಮತ್ತಿತರರು ಒಂದೊಂದಾಗಿ ತೆಗೆಯುತ್ತ ಬಂದು, 2024ರಲ್ಲಿ ಬಂದ 6.8ನೇ ಆವೃತ್ತಿಯಲ್ಲಿ ಅದನ್ನು ಎಲ್ಲರಿಗೂ ಕಾಣುವಂತೆ ಮಾಡಿದರು.

ಎಚ್ಚರಿಕೆ ಎರರ್ ಆದಾಗ

"ವಾರ್ನಿಂಗ್ ಬಂದ್ರ ಬಿಡು" ಎಂಬ ಸಲಹೆಗೆ ಈಗ ಕಂಪೈಲರ್‌ಗಳೇ ಕೊನೆಹಾಡುತ್ತಿವೆ. ಘೋಷಣೆಯಿಲ್ಲದ ಕರೆಯನ್ನು 2020ರಲ್ಲಿ ಆ್ಯಪಲ್‌ನ ಎಕ್ಸ್‌ಕೋಡ್ 12, 2023ರಲ್ಲಿ ಕ್ಲಾಂಗ್ 16, 2024ರಲ್ಲಿ ಜಿಸಿಸಿ 14 ಎರರ್ ಎಂದೇ ಪರಿಗಣಿಸತೊಡಗಿದವು. ಆ್ಯಪಲ್‌ನ ಆತುರಕ್ಕೆ ತಕ್ಕ ಕಾರಣವೂ ಕಾಣುತ್ತದೆ. ಅದೇ ವರ್ಷ ಬಂದ ಅದರ ಎಂ1 ಚಿಪ್‌ನ ಮ್ಯಾಕ್‌ಗಳಲ್ಲಿ 'ಪ್ರಿಂಟ್‌ಎಫ್'ನಂತೆ ಎಷ್ಟು ಬೇಕಾದರೂ ಮೌಲ್ಯ ತೆಗೆದುಕೊಳ್ಳುವ ಫಂಕ್ಷನ್‌ಗಳಿಗೆ ಆ ಹೆಚ್ಚುವರಿ ಮೌಲ್ಯಗಳನ್ನು ರಿಜಿಸ್ಟರ್‌ಗಳ ಬದಲು ಸ್ಟ್ಯಾಕ್‌ನಲ್ಲಿ ಇಡಬೇಕು. ಘೋಷಣೆ ಕಾಣದ ಕಂಪೈಲರ್ ಅವನ್ನು ರಿಜಿಸ್ಟರ್‌ಗಳಲ್ಲಿ ಇಡುತ್ತದೆ, ಫಂಕ್ಷನ್ ಸ್ಟ್ಯಾಕ್‌ನಲ್ಲಿ ಹುಡುಕುತ್ತದೆ.

ಎರರ್ ಆದಮೇಲೆ ಎಲ್ಲವೂ ಬೆಳಕಿಗೆ ಬಂದಂತಾಯಿತಲ್ಲ ಎನ್ನುವಂತಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಅನೇಕ ಹಳೆಯ ತಂತ್ರಾಂಶಗಳು ತಾವು ಯಾವ ಯಂತ್ರದಲ್ಲಿದ್ದೇವೆ, ಅಲ್ಲಿ ಏನೇನು ಸೌಲಭ್ಯವಿದೆ ಎಂದು ತಿಳಿಯಲು 'ಕಾನ್ಫಿಗರ್' ಎಂಬ ಸ್ಕ್ರಿಪ್ಟ್ ಓಡಿಸುತ್ತವೆ. ಅದು ಪುಟ್ಟಪುಟ್ಟ ಸಿ ಪ್ರೋಗ್ರಾಮ್ ಬರೆದು ಕಂಪೈಲ್ ಮಾಡಿ ನೋಡುತ್ತದೆ. ಕಂಪೈಲ್ ಆದರೆ ಸೌಲಭ್ಯ ಇದೆ, ಆಗದಿದ್ದರೆ ಇಲ್ಲ. ಆ ಪುಟ್ಟ ಪ್ರೋಗ್ರಾಮಿನಲ್ಲೇ 'ಎಕ್ಸಿಟ್' ಫಂಕ್ಷನ್ನಿನ ಘೋಷಣೆ ಬಿಟ್ಟುಹೋಗಿದ್ದರೆ? ಹಿಂದೆ ಎಚ್ಚರಿಕೆ ಬಂದು ದಾಟಿಹೋಗುತ್ತಿತ್ತು. ಈಗ ಎರರ್ ಬರುತ್ತದೆ, ಸ್ಕ್ರಿಪ್ಟ್ "ಈ ಯಂತ್ರದಲ್ಲಿ ಆ ಸೌಲಭ್ಯ ಇಲ್ಲ" ಎಂದು ತೀರ್ಮಾನಿಸುತ್ತದೆ, ತಂತ್ರಾಂಶ ಆ ಸೌಲಭ್ಯವಿಲ್ಲದೆಯೇ ತಯಾರಾಗುತ್ತದೆ. ಯಾರಿಗೂ ಎರರ್ ಕಾಣುವುದಿಲ್ಲ. ಜಿಸಿಸಿ 14 ಬರುವ ಮೊದಲೇ ಫೆಡೋರಾ ಲಿನಕ್ಸ್‌ನವರು, ರೆಡ್ ಹ್ಯಾಟ್‌ನ ಫ್ಲೋರಿಯನ್ ವೈಮರ್ ಮುಂದಾಳತ್ವದಲ್ಲಿ, ಇಂಥ ಎರರ್‌ಗಳನ್ನು ಬೇರೆಡೆ ದಾಖಲಿಸಿಡುವಂತೆ ಮಾರ್ಪಡಿಸಿದ ಕಂಪೈಲರ್ ಬಳಸಿ ತಮ್ಮ ಪ್ಯಾಕೇಜ್‌ಗಳನ್ನೆಲ್ಲ ಜಾಲಾಡಿದ್ದು ಇದೇ ಕಾರಣಕ್ಕೆ.

2025ರಲ್ಲಿ ಬಂದ ಜಿಸಿಸಿ 15 ಹೊಸ ಸಿ23 ಪ್ರಮಾಣಕವನ್ನೇ ಸಹಜ ಆಯ್ಕೆಯಾಗಿಸಿದೆ. ಅದರಲ್ಲಿ ಖಾಲಿ ಆವರಣ ಮತ್ತು ವಾಯ್ಡ್ ಎರಡಕ್ಕೂ ಒಂದೇ ಅರ್ಥ. ಹಾಗಾಗಿ ಖಾಲಿ ಆವರಣದ ಸಿಗ್ನಲ್ ಹ್ಯಾಂಡ್ಲರ್ ಬರೆದು ಮೂವತ್ತು ವರ್ಷ ನೆಮ್ಮದಿಯಾಗಿದ್ದ ಪ್ರೋಗ್ರಾಮ್‌ಗಳು ಈಗ ಕಂಪೈಲ್ ಆಗುವುದಿಲ್ಲ. ಹ್ಯಾಂಡ್ಲರ್‌ಗೆ ಒಂದು ಇಂಟ್ ಬರುತ್ತದೆಂದು ಸಿಸ್ಟಮ್ ಮೊದಲಿನಿಂದಲೂ ಹೇಳುತ್ತಿತ್ತು.

ಲ್ಯಾಬಿನಲ್ಲಿ ಇದನ್ನೆಲ್ಲ ನೋಡಬಯಸುವವರು ಜಿಸಿಸಿಗೆ 'ಡಬ್ಲ್ಯೂ-ಆಲ್' ಆಯ್ಕೆ ಕೊಟ್ಟರೆ ಸಾಲದು. ಹೆಸರಿನಲ್ಲಿ 'ಎಲ್ಲ' ಎಂದಿದ್ದರೂ ಅದರಲ್ಲಿ ಎಲ್ಲವೂ ಇಲ್ಲ. 'ಡಬ್ಲ್ಯೂ-ಸ್ಟ್ರಿಕ್ಟ್-ಪ್ರೋಟೋಟೈಪ್ಸ್', 'ಡಬ್ಲ್ಯೂ-ಮಿಸ್ಸಿಂಗ್-ಪ್ರೋಟೋಟೈಪ್ಸ್' ಎರಡನ್ನೂ ಬೇರೆಯಾಗಿ ಸೇರಿಸಬೇಕು.

ಇಷ್ಟೆಲ್ಲ ಮಾಡಿ ಒಂದೂ ಎಚ್ಚರಿಕೆ ಇಲ್ಲದಂತಾದ ಮೇಲೂ ಕಾಲುವೆಯ ಪ್ರೋಗ್ರಾಮಿನಲ್ಲಿ ಒಂದು ತಪ್ಪಿಗೆ ಜಾಗವಿದೆ. ಗೇಟಿನ ಫಂಕ್ಷನ್ನಿಗೆ ಹರಿವನ್ನು ಒಂದು ದಶಮಾಂಶ ಸಂಖ್ಯೆಯಾಗಿ ಕೊಡಬೇಕೆಂದಿದೆ. ನೀರಾವರಿ ಇಲಾಖೆಯ ಮಾತು ಕ್ಯೂಸೆಕ್‌ನಲ್ಲಿ, ಪಠ್ಯಪುಸ್ತಕದ ಲೆಕ್ಕ ಕ್ಯೂಮೆಕ್‌ನಲ್ಲಿ. ಒಂದು ಕ್ಯೂಮೆಕ್ ಎಂದರೆ ಸುಮಾರು 35.3 ಕ್ಯೂಸೆಕ್. ಎರಡೂ ದಶಮಾಂಶ ಸಂಖ್ಯೆಗಳೇ ಆದ್ದರಿಂದ ಕಂಪೈಲರಿಗೆ ಯಾವ ಅನುಮಾನವೂ ಬರುವುದಿಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಬಳಿ ಹಾಳಾದದ್ದು ಇಂಥದ್ದೇ ಗೊಂದಲದಿಂದ, ಒಂದು ತಂಡ ಪೌಂಡ್ ಲೆಕ್ಕದಲ್ಲಿ ಕೊಟ್ಟ ಸಂಖ್ಯೆಯನ್ನು ಇನ್ನೊಂದು ನ್ಯೂಟನ್ ಎಂದುಕೊಂಡದ್ದರಿಂದ. ಇದಕ್ಕೂ ಸಿ ಭಾಷೆಯಲ್ಲಿ ಒಂದು ಉಪಾಯ ಇದೆ: ಕ್ಯೂಸೆಕ್‌ಗೆ ಒಂದು, ಕ್ಯೂಮೆಕ್‌ಗೆ ಇನ್ನೊಂದು ಎಂದು ಎರಡು ಬೇರೆಬೇರೆ 'ಸ್ಟ್ರಕ್ಟ್' ಮಾಡಿ, ಘೋಷಣೆಯಲ್ಲಿ ಬರಿಯ ಸಂಖ್ಯೆಯ ಬದಲು ಅವನ್ನು ಹೆಸರಿಸುವುದು. ಆಗ ಒಂದರ ಜಾಗದಲ್ಲಿ ಇನ್ನೊಂದನ್ನು ಕೊಟ್ಟರೆ ಬರುವುದು ವಾರ್ನಿಂಗ್ ಅಲ್ಲ, ಎರರ್.